ಹದಿನಾಲ್ಕು ಗಜ ದೂರದ ದೂರಣ್ಣ

ಅವನ ಸುದ್ದಿಯನ್ನು ನಾನು ಮೊದಲು ಕೇಳಿದ್ದು ಮಧ್ಯಾಹ್ನದ ಊಟದ ಹೊತ್ತಿನಲ್ಲಿ. ನಮ್ಮ ಯಜಮಾನರು ಅಂಗಡಿಯಿಂದ ಬಂದು ಕೈ ತೊಳೆದು ತಟ್ಟೆಯ ಮುಂದೆ ಕೂತವರು ತುತ್ತು ಎತ್ತದೆ ನಗುತ್ತಿದ್ದರು. ಏನೆಂದು ಕೇಳಿದೆ. ಎದುರಿನ ಖಾಲಿ ಮಳಿಗೆಗೆ ಫೋಟೋ ತೆಗೆಯುವವನೊಬ್ಬ ಬಂದಿದ್ದಾನೆ, ಬೋರ್ಡು ಹೊಡೆಸಿದ್ದಾನೆ, ಕುರ್ಚಿ ಹಾಕಿದ್ದಾನೆ, ಎಲ್ಲ ಮುಗಿಸಿಕೊಂಡು ನಮ್ಮ ಅಂಗಡಿಗೆ ಬಂದು, ನಿಂತುಕೊಳ್ಳುವುದಕ್ಕೆ ಒಂದು ಚೂರು ಜಾಗ ಕೊಡಿ ಎಂದು ಕೇಳಿದ್ದಾನೆ ಎಂದರು.

"ಬಾಡಿಗೆ ಅಲ್ಲಿ, ನಿಲ್ಲೋದು ಇಲ್ಲಿ. ಊಟ ಒಬ್ಬರ ಮನೇಲಿ, ಕೈ ತೊಳೆಯೋದು ಇನ್ನೊಬ್ಬರ ಮನೇಲಿ ಅನ್ನೋ ಹಾಗೆ," ಎಂದು ಹೇಳಿ ಇನ್ನೊಮ್ಮೆ ನಕ್ಕರು.

ನಮ್ಮದು ದರ್ಜಿ ಅಂಗಡಿ. ಯಜಮಾನರು ಬಟ್ಟೆ ಕತ್ತರಿಸುತ್ತಿದ್ದರು, ನಾನು ಹೊಲಿಗೆ ಯಂತ್ರ ತುಳಿಯುತ್ತಿದ್ದೆ, ಗುಂಡಿಗೆ ಕಾಜಾ ಹೊಲಿಯುತ್ತಿದ್ದೆ. ಮಾರನೆಯ ದಿನ ಅಂಗಡಿಗೆ ಹೋದರೆ ನನ್ನ ಯಂತ್ರದ ಪಕ್ಕದಲ್ಲಿ ಮೂರು ಕಾಲಿನ ಸ್ಟ್ಯಾಂಡು ನಿಂತಿತ್ತು. ಅದರ ಮೇಲೆ ಕ್ಯಾಮೆರಾ. ಕ್ಯಾಮೆರಾದ ಮೂತಿಗೆ ಅರ್ಧ ಸೇರು ಹಿಡಿಸುವಷ್ಟು ಗಿಡ್ಡ, ದಪ್ಪ ಡಬ್ಬಿ. ಅದರ ಹಿಂದೆ ಅಷ್ಟೇ ಗಿಡ್ಡ, ಅಷ್ಟೇ ದಪ್ಪ ಯುವಕ. ನನ್ನನ್ನು ಕಂಡವನೇ ಎರಡು ಹೆಜ್ಜೆ ಹಿಂದೆ ಸರಿದು ಗೋಡೆಗೆ ತಲೆ ಬಡಿಸಿಕೊಂಡು, "ನಮಸ್ಕಾರ ಅಕ್ಕಾ," ಎಂದ.

ಆ ಡಬ್ಬಿಯೇ ಅವನ ಲೆನ್ಸು. ಹಕ್ಕಿಗಳ ಚಿತ್ರ ತೆಗೆಯುತ್ತಿದ್ದ ಅವನ ಗುರು ಸಾಯುವಾಗ ಕೊಟ್ಟು ಹೋದದ್ದು. ಒಳಗೆ ಕನ್ನಡಿಗಳಿದ್ದವಂತೆ. ದೂರದ ಕೊಂಬೆಯ ಮೇಲಿನ ಹಕ್ಕಿಯನ್ನು ಮೂಗಿನ ಮುಂದೆ ತಂದು ಕೂರಿಸುವ ಲೆನ್ಸು ಅದು. ಹಾಗಾಗಿ ಮೂಗಿನ ಮುಂದೆಯೇ ಕೂತ ಮನುಷ್ಯನನ್ನು ಹಿಡಿಯಬೇಕಾದರೆ, ಅವನನ್ನು ಎಬ್ಬಿಸಿ ಬೀದಿ ದಾಟಿಸಬೇಕು. ಗಿರಾಕಿ ಅವನ ಸ್ಟುಡಿಯೋದ ಮೆಟ್ಟಿಲ ಮೇಲೆ ಕುರ್ಚಿಯಲ್ಲಿ, ಇವನು ನಮ್ಮ ಅಂಗಡಿಯಲ್ಲಿ. ನಡುವೆ ಹದಿನಾಲ್ಕು ಗಜ. ನಾನೇ ಟೇಪು ಹಿಡಿದು ಅಳೆದು ಕೊಟ್ಟೆ. ಅವನು ಲೆನ್ಸಿನ ಬಳೆಯನ್ನು ಅಲ್ಲಿಗೆ ತಿರುಗಿಸಿ, ನನ್ನಿಂದ ಕೆಂಪು ದಾರದ ಚೂರು ಇಸಿದುಕೊಂಡು ಅಂಟಿಸಿ ಗುರುತು ಮಾಡಿಕೊಂಡ. ಆಮೇಲೆ ವರ್ಷಗಟ್ಟಲೆ ಆ ದಾರ ಕದಲಲಿಲ್ಲ.

ಬೀದಿಯವರು ಒಂದೇ ವಾರದಲ್ಲಿ ಅವನಿಗೆ ದೂರಣ್ಣ ಎಂದು ಹೆಸರಿಟ್ಟರು.

ದೂರ ಒಂದೇ ಆಗಿದ್ದರೆ ಹೇಗೋ ಆಗುತ್ತಿತ್ತು. ಉಳಿದ ಲೆನ್ಸುಗಳಿಗೆ ಒಳಗೊಂದು ತೂತು ಇರುತ್ತದಂತೆ, ನಮ್ಮ ಕಣ್ಣಿನ ಪಾಪೆಯ ಹಾಗೆ. ಬೆಳಕು ಕಡಿಮೆಯಾದರೆ ಹಿಗ್ಗಿಸಬಹುದು, ಹಿಂದಿರುವ ವಸ್ತುವೂ ಚೆನ್ನಾಗಿ ಕಾಣಬೇಕೆಂದರೆ ಕುಗ್ಗಿಸಬಹುದು. ಈ ಡಬ್ಬಿಯ ತೂತು ಹುಟ್ಟಿದಾಗ ಎಷ್ಟಿತ್ತೋ ಅಷ್ಟೇ. ಹಿಗ್ಗದು, ಕುಗ್ಗದು, ಬೇಡಿಕೊಂಡರೂ ಇಲ್ಲ. ನಮ್ಮ ಯಜಮಾನರ ಅತ್ತಿಗೆಯ ಸ್ವಭಾವ ಎಂದು ಅವರೇ ಹೇಳಿದರು.

ಅದರಿಂದ ಆದದ್ದೇನೆಂದರೆ, ಸ್ಟುಡಿಯೋದ ಒಳಗಿನ ನೆರಳಿನಲ್ಲಿ ಫೋಟೋ ಆಗುತ್ತಲೇ ಇರಲಿಲ್ಲ. ಬೆಳಿಗ್ಗೆ ಒಂಬತ್ತರಿಂದ ಹನ್ನೊಂದರವರೆಗೆ ಆ ಮೆಟ್ಟಿಲ ಮೇಲೆ ಬಿಸಿಲು ಬೀಳುತ್ತಿತ್ತು, ಅಷ್ಟು ಹೊತ್ತು ಮಾತ್ರ ವ್ಯಾಪಾರ. ಮೋಡ ಬಂದರೆ ರಜೆ. ಇನ್ನು ಕೂತವನ ಮುಖ ಬಿಟ್ಟರೆ ಹಿಂದಿನದೆಲ್ಲ ಗಂಜಿ ಕಲಸಿದ ಹಾಗೆ. ದಿನಸಿ ಅಂಗಡಿಯವರು ತಮ್ಮ ಡಬ್ಬಗಳ ಸಾಲು ಹಿಂದೆ ಕಾಣಲಿ ಎಂದು ಹೊತ್ತು ತಂದು ಜೋಡಿಸಿದ್ದರು. ಫೋಟೋದಲ್ಲಿ ಒಂದು ಡಬ್ಬವೂ ಇಲ್ಲ. ಮುಚ್ಚಳಗಳು ಬಿಸಿಲಿಗೆ ಹೊಳೆದದ್ದೆಲ್ಲ ದುಂಡು ದುಂಡು ಬಳೆಗಳಾಗಿ ಅವರ ತಲೆಯ ಸುತ್ತ ತೇಲುತ್ತಿದ್ದವು. ಅದು ಆ ಲೆನ್ಸಿನ ಹುಟ್ಟುಗುಣ. ಹಿಂದೆ ಏನೇ ಮಿಂಚಿದರೂ ಬಳೆ ಮಾಡುತ್ತಿತ್ತು.

"ನಾನು ಮಾರೋದು ಬೇಳೆ ಕಣಯ್ಯಾ, ಈ ಬಳೆ ಯಾರದು?" ಎಂದು ದಿನಸಿಯವರು ಬೀದಿಯಲ್ಲೇ ಜಗಳಕ್ಕೆ ನಿಂತರು. ದೂರಣ್ಣ ಬಹಳ ವಿನಯದಿಂದ, ಡಬ್ಬಗಳು ಕಾಣಬೇಕಾದರೆ ನೀವೇ ಹಿಂದೆ ಹೋಗಿ ಡಬ್ಬಗಳ ಸಾಲಿನಲ್ಲಿ ಕೂರಬೇಕು ಎಂದ. ಅವರು ಹಾಗೇ ಕೂತರು. ಎರಡು ಎಣ್ಣೆ ಡಬ್ಬಗಳ ನಡುವೆ ಮೂರನೆಯ ಡಬ್ಬದ ಹಾಗೆ ಕಾಣುವ ಆ ಫೋಟೋ ಅವರ ಅಂಗಡಿಯಲ್ಲಿ ಇವತ್ತಿಗೂ ಇದೆ.

ಗಂಡ ಹೆಂಡತಿ ಒಟ್ಟಿಗೆ ಕೂತರೆ ಇನ್ನೊಂದು ರಗಳೆ. ಒಬ್ಬರು ಒಂದು ಗೇಣು ಹಿಂದೆ ವಾಲಿದರೂ ಅವರ ಮುಖ ಮಸುಕು. ಅದಕ್ಕೆ ನಾನೇ ಉಪಾಯ ಮಾಡಿದೆ. ಬಾಗಿಲ ಚೌಕಟ್ಟಿಗೆ ಆ ಕಡೆ ಈ ಕಡೆ ಮೊಳೆ ಹೊಡೆದು ಹೊಲಿಗೆ ದಾರ ಎಳೆದು ಕಟ್ಟುವುದು, ಇಬ್ಬರೂ ದಾರಕ್ಕೆ ಮೂಗು ತಾಗಿಸಿ ಕೂರುವುದು, ನಾನು ಹೋಗಿ ದಾರ ಬಿಚ್ಚಿಕೊಂಡು ಬರುವುದು. ಎಷ್ಟು ಸಂಸಾರಗಳ ಮೂಗನ್ನು ನಾನು ಸಾಲಿಗೆ ತಂದಿದ್ದೇನೆ, ಲೆಕ್ಕವಿಲ್ಲ. ಬಸ್ಸಿನ ಸದ್ದಿನಲ್ಲಿ ಮಾತು ಕೇಳದು ಎಂದು ಬಟ್ಟೆ ಚೂರುಗಳನ್ನೂ ಇಟ್ಟುಕೊಂಡಿದ್ದೆ. ಕೆಂಪು ಬೀಸಿದರೆ ಅಲ್ಲಾಡಬೇಡಿ ಎಂದರ್ಥ. ಬಿಳಿ ಬೀಸಿದರೆ ಮುಗಿಯಿತು, ಉಸಿರು ಬಿಡಿ. ನನ್ನ ಯಂತ್ರದ ಅದುರಿಗೆ ಕ್ಯಾಮೆರಾ ನಡುಗುತ್ತದೆ ಎಂದು ಕೆಂಪು ಬೀಸಿದಾಗ ನಾನೂ ತುಳಿಯುವುದು ನಿಲ್ಲಿಸಬೇಕಿತ್ತು. ನಮ್ಮ ಯಜಮಾನರಿಗೆ ಮಾತ್ರ ಕತ್ತರಿ ಆಡಿಸಲು ಅಪ್ಪಣೆ ಇತ್ತು.

ಹೀಗಿರುವಾಗ ಒಂದು ದಿನ ಹೆಣ್ಣು ಮಕ್ಕಳ ಶಾಲೆಯ ಡ್ರಿಲ್ ಮೇಡಂ ಫೋಟೋಕ್ಕೆ ಬಂದಳು. ಎತ್ತರದ ಹುಡುಗಿ, ಕುತ್ತಿಗೆಯಲ್ಲಿ ಹಿತ್ತಾಳೆಯ ಸೀಟಿ. ನೆಟ್ಟಗೆ ಕೂತಳು. ದೂರಣ್ಣ ಕ್ಯಾಮೆರಾದೊಳಗೆ ಕಣ್ಣಿಟ್ಟವನು ತೆಗೆಯಲೇ ಇಲ್ಲ. ಗದ್ದ ಎತ್ತಲು ಹೇಳಿ ಎಂದ, ಕೂಗಿ ಹೇಳಿದೆ. ಎಡಕ್ಕೆ ನೋಡಲು ಹೇಳಿ ಎಂದ, ಹೇಳಿದೆ. ಆಮೇಲೆ ಅದೇ ದನಿಯಲ್ಲಿ, "ಮದುವೆ ಆಗಿದೆಯಾ ಕೇಳಿ ಅಕ್ಕಾ," ಎಂದ. ನನ್ನದು ಅಭ್ಯಾಸಬಲ. ಬಾಯಿಗೆ ಬಂದದ್ದನ್ನು ಹಾಗೇ ಬೀದಿಯಾಚೆಗೆ ಕೂಗಿಬಿಟ್ಟೆ.

ಬೀದಿ ನಿಂತಿತು. ಹಣ್ಣಿನವನು ತಕ್ಕಡಿ ಎತ್ತಿದ ಕೈ ಹಾಗೇ ಇಟ್ಟ. ದೂರಣ್ಣ ಕ್ಯಾಮೆರಾದ ಹಿಂದೆ ಕುಕ್ಕರಿಸಿದ. ಆ ಹುಡುಗಿ ಕುರ್ಚಿ ಬಿಟ್ಟೇಳದೆ, ಮೈದಾನದಲ್ಲಿ ಇನ್ನೂರು ಮಕ್ಕಳಿಗೆ ಕೇಳಿಸುವ ದನಿಯಲ್ಲಿ ಹೇಳಿದಳು.

"ಇಲ್ಲ. ಯಾರಿಗೆ ಬೇಕಂತೆ? ಬೇಕಾದವರು ಈಚೆ ಬಂದು ಕೇಳ್ಲಿ."

ಅವನು ಬೀದಿ ದಾಟಿ ಹೋಗುವುದಕ್ಕೆ ಮೂರು ವಾರ ಹಿಡಿಯಿತು. ಹತ್ತಿರ ಹೋಗುವುದೆಂದರೆ ಅವನಿಗೆ ಜೀವ ಬಾಯಿಗೆ ಬರುತ್ತಿತ್ತು. ಅಂತೂ ಕಚೇರಿಯಲ್ಲಿ ಸಹಿ ಹಾಕಿ ಮದುವೆಯಾದರು. ಸಾಕ್ಷಿಗೆ ನಾನೂ ಯಜಮಾನರೂ ಹೋಗಿದ್ದೆವು.

ಅವಳ ತಂದೆ ಮಾತ್ರ ಬರಲಿಲ್ಲ. ರೈಲಿನಲ್ಲಿ ಗಾರ್ಡ್ ಆಗಿದ್ದವರು. ತಾಯಿಯಿಲ್ಲದ ಮಗಳನ್ನು ಒಬ್ಬರೇ ಸಾಕಿದವರು. ಅವಳ ಕುತ್ತಿಗೆಯ ಸೀಟಿ ಅವರದೇ. ಮದುವೆಯಾಗಿ ತಿಂಗಳಿಗೆ ಅವರ ಕಾಗದ ಬಂತು. ಅವಳು ಅದನ್ನು ಹಿಡಿದುಕೊಂಡು ನಮ್ಮ ಅಂಗಡಿಗೆ ಬಂದು, ಬಟ್ಟೆ ರಾಶಿಯ ಮೇಲೆ ಕೂತು, ನನಗೆ ಓದಿ ಹೇಳಿದಳು. ಬೀದಿಯಾಚೆ ನಿಂತು ಹೆಣ್ಣು ನೋಡಿದವನನ್ನು ನಾನು ನಂಬುವುದಿಲ್ಲ, ದೂರದ ಬೆಟ್ಟ ನುಣ್ಣಗೆ ಎಂದು ಬರೆದಿದ್ದರು. ಅಳಿಯ ಎನ್ನುವವನು ನಿಜವಾಗಿ ಇದ್ದರೆ, ನಿನ್ನ ಪಕ್ಕ ನಿಂತು ಅಡಿಯಿಂದ ಮುಡಿಯವರೆಗೆ ಕಾಣುವ ಒಂದು ಫೋಟೋ ಕಳಿಸು. ನೋಡಿ ಸರಿ ಅನ್ನಿಸಿದರೆ ಬರುತ್ತೇನೆ, ಇಲ್ಲದಿದ್ದರೆ ನನ್ನನ್ನು ಮರೆತುಬಿಡು.

ಇನ್ನೂರು ಮಕ್ಕಳನ್ನು ಗದರಿಸುವ ಹುಡುಗಿ ಕಾಗದ ಮಡಚಿ, ಬಿಚ್ಚಿ, ಮತ್ತೆ ಮಡಚಿದಳು. "ಅಪ್ಪ ಬರದೆ ಇದ್ದರೆ ನಾನು ಹೇಗಿರಲಿ ಅಕ್ಕಾ?" ಎಂದಳು. ಮೂಗು ಒರೆಸಿಕೊಳ್ಳಲು ನಾನು ಅಸ್ತರಿನ ಚೂರು ಕೊಟ್ಟೆ.

ಬೇರೆ ಸ್ಟುಡಿಯೋಗೆ ಹೋಗಿ ಎಂದರು ಯಜಮಾನರು. ಕ್ಷೌರಿಕನೂ ತನ್ನ ತಲೆಗೆ ಇನ್ನೊಬ್ಬನ ಹತ್ತಿರ ಹೋಗುತ್ತಾನಲ್ಲ ಎಂದರು. ದೂರಣ್ಣ ತಲೆ ಅಲ್ಲಾಡಿಸಿದ. ಮಾವ ಫೋಟೋ ತಿರುಗಿಸಿ ಹಿಂದಿನ ಮೊಹರು ನೋಡುತ್ತಾರೆ, ಹೆಂಡತಿಯ ಫೋಟೋ ತೆಗೆಯಲು ಬಾರದವನು ಏನು ಫೋಟೋದವನು ಎನ್ನುತ್ತಾರೆ ಎಂದ. ಹಾಗಾದರೆ ನೀನು ಹೋಗಿ ಅವಳ ಪಕ್ಕ ನಿಲ್ಲು, ಗುಂಡಿ ನಾನು ಒತ್ತುತ್ತೇನೆ ಎಂದೆ. ಅದೂ ಆಗದು. ಈ ಲೆನ್ಸಿಟ್ಟ ಕ್ಯಾಮೆರಾಕ್ಕೆ ಇನ್ನೊಂದು ಕೈ ತಾಗಿಸುವುದಿಲ್ಲ ಎಂದು ಗುರುವಿಗೆ ಮಾತು ಕೊಟ್ಟಿದ್ದನಂತೆ.

"ಗುರು ಸತ್ತು ಐದು ವರ್ಷ ಆಯ್ತಲ್ಲಪ್ಪಾ," ಎಂದರು ಯಜಮಾನರು.

"ಅದಕ್ಕೇ ಅಣ್ಣಾ. ಈಗ ಕೇಳೋ ಹಾಗಿಲ್ಲವಲ್ಲ."

ಉಳಿದದ್ದು ಒಂದೇ ದಾರಿ. ಕ್ಯಾಮೆರಾದಲ್ಲಿ ಒಂದು ಕೀಲಿ ಇತ್ತು. ಅದನ್ನು ತಿರುಗಿಸಿ ಬಿಟ್ಟರೆ ಹತ್ತು ಎಣಿಸುವಷ್ಟು ಹೊತ್ತು ಗುಂಯ್‌ಗುಟ್ಟಿ ತಾನೇ ಕ್ಲಿಕ್ಕೆನ್ನುತ್ತಿತ್ತು. ಅಷ್ಟರಲ್ಲಿ ಅವನು ಓಡಿ ಹೋಗಿ ಅವಳ ಪಕ್ಕ ನಿಲ್ಲಬೇಕು. ಆದರೆ ಅಡಿಯಿಂದ ಮುಡಿಯವರೆಗೆ ಬರಬೇಕಲ್ಲ, ಹದಿನಾಲ್ಕು ಗಜ ಸಾಲದು. ಕ್ಯಾಮೆರಾ ನಮ್ಮ ಅಂಗಡಿಯ ಹಿತ್ತಲಿಗೆ, ಬಟ್ಟೆ ಒಗೆಯುವ ಕಲ್ಲಿನ ಪಕ್ಕಕ್ಕೆ ಹೋಯಿತು. ಅಲ್ಲಿಂದ ಹಿಂಬಾಗಿಲು, ನನ್ನ ಯಂತ್ರ, ಕತ್ತರಿಸುವ ಮೇಜು, ಎರಡು ಮೆಟ್ಟಿಲು, ಬೀದಿ, ಚರಂಡಿಯ ಹಲಗೆ, ಆ ಕಡೆಯ ಮೂರು ಮೆಟ್ಟಿಲು. ಒಟ್ಟು ಇಪ್ಪತ್ತಾರು ಗಜ, ಲೆನ್ಸಿನ ಬಳೆಯನ್ನೂ ಅಲ್ಲಿಗೆ ತಿರುಗಿಸಿಕೊಂಡ. ಓಡಬೇಕಾದವನು ಹೊಟ್ಟೆ ಮುಂದಿಟ್ಟುಕೊಂಡು ನಡೆಯುವ ಮನುಷ್ಯ.

ಮೊದಲ ಫೋಟೋದಲ್ಲಿ ಅವನ ಬೆನ್ನು ಮಾತ್ರ ಬಂತು, ಅದೂ ಮೋಡದ ಹಾಗೆ, ಹೆಂಡತಿಯನ್ನು ಪೂರ್ತಿ ಮುಚ್ಚಿ. ಎರಡನೆಯದರಲ್ಲಿ ಮೇಜಿನ ಮೂಲೆ ಸೊಂಟಕ್ಕೆ ಹೊಡೆದು ಅವನು ನಮ್ಮ ಅಂಗಡಿಯನ್ನೇ ದಾಟಲಿಲ್ಲ. ಡ್ರಿಲ್ ಮೇಡಂ ಇದನ್ನು ತನ್ನ ಕೈಗೆ ತೆಗೆದುಕೊಂಡಳು. ಬೆಳಿಗ್ಗೆ ಆರಕ್ಕೆ ಶಾಲೆಯ ಮೈದಾನದಲ್ಲಿ ಗಂಡನನ್ನು ಓಡಿಸುತ್ತಿದ್ದಳು. ಎರಡು ಬೆಂಚು ಅಡ್ಡ ಇಟ್ಟು, ಅದು ಅಕ್ಕನ ಮೇಜು, ಇದು ಚರಂಡಿ ಎಂದು ತೋರಿಸಿ ಸೀಟಿ ಊದುತ್ತಿದ್ದಳು. ಶಾಲೆಯ ಹುಡುಗಿಯರು ಬೇಲಿಗೆ ಆತು ನಿಂತು ಎಣಿಸುತ್ತಿದ್ದರಂತೆ. ಹದಿನೇಳರಿಂದ ಹದಿನಾಲ್ಕಕ್ಕೆ ಬಂದ, ಹನ್ನೆರಡಕ್ಕೆ ಬಂದ, ಅಲ್ಲಿ ಕಚ್ಚಿಕೊಂಡು ನಿಂತ. ನಮ್ಮ ಯಜಮಾನರು ಅವನ ಪ್ಯಾಂಟಿನ ಸೊಂಟವನ್ನು ಎರಡು ಸಲ ಒಳಗೆ ಹಿಡಿದು ಹೊಲಿದರು.

ಐದನೆಯ ಸಲ ಅವನು ಹತ್ತರೊಳಗೆ ಮುಟ್ಟಿಬಿಟ್ಟ. ನಾವೆಲ್ಲ ಕುಣಿದೆವು. ಎರಡು ದಿನ ಬಿಟ್ಟು ಫೋಟೋ ತೊಳೆದು ತಂದ. ಅವಳು ನಿಂತಲ್ಲೇ ನಿಂತಿದ್ದಳು. ಅವನೂ ಇದ್ದ. ಇಬ್ಬರ ಮುಂದೆ ಹಾಸಿಗೆ ಮಾರುವವನು ತಲೆಯ ಮೇಲೆ ಹಾಸಿಗೆ ಹೊತ್ತು ಹಾದು ಹೋಗುತ್ತಿದ್ದ. ಮಾವನಿಗೆ ಕಾಣುವಂತೆ ಉಳಿದದ್ದು ನಾಲ್ಕು ಕಾಲು.

ಅವಳು ಅದನ್ನು ನೋಡಿ ನಗಲಿಲ್ಲ. ತಂದೆಯ ಎರಡನೆಯ ಕಾಗದ ಬಂದಿತ್ತು. ಅದರಲ್ಲಿ ಒಂದೇ ಸಾಲು. ಈ ತಿಂಗಳ ಕೊನೆಯವರೆಗೆ ಕಾಯುತ್ತೇನೆ.

ಅಂದು ಮಧ್ಯಾಹ್ನ ಒಬ್ಬ ಗಿರಾಕಿ ಹೊಸ ಕೋಟು ತೊಟ್ಟು ನಮ್ಮ ಆಳುದ್ದದ ಕನ್ನಡಿಯ ಮುಂದೆ ನಿಂತಿದ್ದ. ಹಿಂದಕ್ಕೆ ಹೋಗಿ ನೋಡಿಕೊಂಡ, ಇನ್ನೂ ಹಿಂದಕ್ಕೆ ಹೋದ. ಹೋದಷ್ಟೂ ಕನ್ನಡಿಯೊಳಗಿನವನೂ ಹಿಂದೆ ಹೋಗಿ ಸಣ್ಣಗಾದ. ನಾನು ಗುಂಡಿ ಹಚ್ಚುತ್ತಾ ನೋಡುತ್ತಿದ್ದವಳು ಸೂಜಿ ಕೆಳಗಿಟ್ಟೆ.

"ತಮ್ಮಾ," ಎಂದೆ ದೂರಣ್ಣನಿಗೆ, "ನೀನು ಓಡೋದು ಯಾಕೆ? ಕನ್ನಡೀನ ನಿನ್ನ ಮೆಟ್ಟಿಲ ಮೇಲಿಟ್ಟು, ನೀವಿಬ್ಬರೂ ಇಲ್ಲೇ ಕ್ಯಾಮೆರಾ ಪಕ್ಕ ನಿಂತ್ಕೊಳ್ಳಿ. ಅದು ಕನ್ನಡೀನ ನೋಡ್ಲಿ, ಕನ್ನಡಿ ನಿಮ್ಮನ್ನ ನೋಡ್ಲಿ."

ಅವನು ಎದ್ದು ಹೋಗಿ ಕನ್ನಡಿಯ ಮುಂದೆ ಹಿಂದೆ ನಡೆದು ನೋಡಿದ. ಅಂಗೈ ಹುಣ್ಣಿಗೆ ಕನ್ನಡಿ ಬೇಡ, ಅಳಿಯನ ಮುಖಕ್ಕೆ ಬೇಕು ನೋಡಿ ಎಂದರು ಯಜಮಾನರು. ನಮ್ಮ ಕಡೆಗೆ ಮಧ್ಯಾಹ್ನ ಬಿಸಿಲು ಬೀಳುತ್ತಿದ್ದರಿಂದ ಅದೂ ಅನುಕೂಲವಾಯಿತು.

ಕನ್ನಡಿಯನ್ನು ನಾಲ್ಕು ಜನ ಬೀದಿ ದಾಟಿಸಿದರು. ಕುರ್ಚಿಗೆ ಒರಗಿಸಿ, ಕೆಳಗೆ ರಟ್ಟು ಮಡಚಿ ಕೊಟ್ಟು, ಟೇಪಿನಿಂದ ಕಟ್ಟಿದೆವು. ಬೀದಿಬದಿಯಲ್ಲಿ ಕನ್ನಡಿ ಕಂಡರೆ ಮನುಷ್ಯರು ಏನು ಮಾಡುತ್ತಾರೆ ಎಂದು ನಾವು ಯೋಚಿಸಿರಲಿಲ್ಲ. ಹೋಗುವವರೆಲ್ಲ ನಿಂತು ತಲೆ ಬಾಚಿಕೊಂಡರು. ಸೈಕಲ್ ಸವಾರನೊಬ್ಬ ಇಳಿದು ಹಲ್ಲು ನೋಡಿಕೊಂಡ. ಡ್ರಿಲ್ ಮೇಡಂ ಸೀಟಿ ಊದಿ ಅವರನ್ನೆಲ್ಲ ಚದುರಿಸಿದಳು. ನಾನು ಕೆಂಪು ಬಟ್ಟೆ ಬೀಸಿದೆ. ದೂರಣ್ಣ ಕೀಲಿ ತಿರುಗಿಸಿ ಒಂದೇ ಹೆಜ್ಜೆ ಪಕ್ಕಕ್ಕೆ ಹೋಗಿ ಹೆಂಡತಿಯ ಬಳಿ ನಿಂತ. ಹತ್ತು ಎಣಿಸಿ ಇನ್ನೂ ಹೊತ್ತು ಮಿಕ್ಕಿತು ಅನ್ನಿಸಿತು.

ಫೋಟೋ ಬಂತು. ಕನ್ನಡಿಯ ಮೇಲಿನ ಧೂಳು, ಸೀಮೆಸುಣ್ಣದ ಗೆರೆ, ನಮ್ಮ ಯಜಮಾನರ ಐದು ಬೆರಳಿನ ಗುರುತು ಒಂದೊಂದೂ ಎಣಿಸುವ ಹಾಗೆ ಸ್ಪಷ್ಟ. ಗಂಡ ಹೆಂಡತಿ ಮಂಜು.

ಅವನು ಲೆನ್ಸು ಹಾಳಾಯಿತು ಎಂದು ತಲೆಯ ಮೇಲೆ ಕೈ ಹೊತ್ತು ಕೂತ. ನನಗೆ ಕೋಟಿನ ಗಿರಾಕಿಯ ನೆನಪಾಯಿತು. ಕನ್ನಡಿಯೊಳಗಿನವರು ಕನ್ನಡಿಯ ಮೇಲೆ ನಿಂತಿರುವುದಿಲ್ಲ, ನಾವು ಈಚೆ ಎಷ್ಟು ದೂರವೋ ಅವರು ಆಚೆ ಅಷ್ಟು ದೂರ ಇರುತ್ತಾರೆ. ಲೆನ್ಸು ನೋಡಿದೆ. ಕ್ಯಾಮೆರಾ ಅಂಗಡಿಯೊಳಗೆ ವಾಪಸು ತಂದಾಗ ಬಳೆಯನ್ನು ಅವನು ಎಂದಿನ ಕೆಂಪು ದಾರಕ್ಕೆ, ಹದಿನಾಲ್ಕು ಗಜಕ್ಕೆ ತಿರುಗಿಸಿಬಿಟ್ಟಿದ್ದ.

"ಅಲ್ಲಿಗೆ ಹದಿನಾಲ್ಕು, ಅಲ್ಲಿಂದ ಹದಿನಾಲ್ಕು," ಎಂದೆ. "ಇಪ್ಪತ್ತೆಂಟಕ್ಕೆ ತಿರುಗಿಸು ತಮ್ಮಾ."

ಮಾರನೆಯ ಮಧ್ಯಾಹ್ನ ಮತ್ತೆ ತೆಗೆದದ್ದು ಬಂತು. ಅಡಿಯಿಂದ ಮುಡಿಯವರೆಗೆ ಇಬ್ಬರೂ. ಅವಳ ಸೀಟಿಯ ಉಂಗುರ ಕೂಡ ಕಾಣುತ್ತಿತ್ತು. ನಡುವೆ ಮೂರು ಕಾಲಿನ ಕ್ಯಾಮೆರಾ, ಅವರ ಹಿರಿಯ ಮಗುವಿನ ಹಾಗೆ. ಹಿಂದೆ ಗೋಡೆಯ ಕತ್ತರಿಗಳೂ ಗುಂಡಿ ಸೀಸೆಗಳೂ ಹೊಳೆದು ಬಳೆ ಬಳೆಯಾಗಿದ್ದವು. ಆದರೆ ಅವರಿಬ್ಬರ ಬೆನ್ನಿಗೇ, ಬಾಯಲ್ಲಿ ಎರಡು ಗುಂಡಿಸೂಜಿ ಕಚ್ಚಿಕೊಂಡು ಕೆಂಪು ಬಟ್ಟೆ ಎತ್ತಿ ನಿಂತವಳು ನಾನು. ನನ್ನ ಹೆಗಲ ಮೇಲಿಂದ ಇಣುಕುತ್ತಿದ್ದವರು ನಮ್ಮ ಯಜಮಾನರು, ಕೊರಳಲ್ಲಿ ಟೇಪು. ಇಪ್ಪತ್ತೆಂಟು ಗಜಕ್ಕೆ ಆ ಲೆನ್ಸು ಸ್ವಲ್ಪ ಉದಾರವಾಗುತ್ತದಂತೆ. ನಾವೂ ಸ್ಪಷ್ಟವಾಗಿ ಬಂದುಬಿಟ್ಟಿದ್ದೆವು.

ಎಲ್ಲರೂ ಸಂತೋಷಪಡುತ್ತಿದ್ದರೆ ಯಜಮಾನರು ಮಾತ್ರ ಫೋಟೋ ಹಿಡಿದು ಹೌಹಾರಿದರು. ಕನ್ನಡಿಯಲ್ಲವೇ, ಎಡ ಬಲ ಅದಲು ಬದಲಾಗಿತ್ತು. ದೂರಣ್ಣನ ಅಂಗಿಯ ಗುಂಡಿಗಳು ಹೆಂಗಸರ ಅಂಗಿಯ ಹಾಗೆ ಎಡಗಡೆಗೆ ಬಂದಿದ್ದವು.

"ಇದನ್ನ ಕಳಿಸಿದರೆ ನನ್ನ ಮಾನ ಹೋಗುತ್ತೆ," ಎಂದರು. "ಗಂಡಸಿನ ಅಂಗಿಗೆ ಹೀಗೆ ಗುಂಡಿ ಇಟ್ಟ ದರ್ಜಿ ಯಾರು ಅಂತ ಆ ಗಾರ್ಡ್ ಕೇಳದೆ ಇರ್ತಾರಾ?"

ಕೊನೆಗೆ ದೂರಣ್ಣ ಫಿಲ್ಮನ್ನು ಮಗುಚಿಟ್ಟು ಮತ್ತೊಮ್ಮೆ ಅಚ್ಚು ಹಾಕಿದ. ಗುಂಡಿಗಳು ಸರಿಯಾದ ಕಡೆಗೆ ಬಂದ ಮೇಲೆಯೇ ಯಜಮಾನರು ಅಂಚೆಗೆ ಹಾಕಲು ಬಿಟ್ಟರು.

ತಿಂಗಳು ಮುಗಿಯಲು ಎರಡು ದಿನವಿತ್ತು. ಬಿಳಿ ಮೀಸೆಯ ಒಬ್ಬರು ನಮ್ಮ ಅಂಗಡಿಯ ಮೆಟ್ಟಿಲು ಹತ್ತಿ ಬಂದರು. ಕೈಯಲ್ಲಿ ಆ ಫೋಟೋ. ದೂರಣ್ಣನನ್ನೂ ನಮ್ಮ ಯಜಮಾನರನ್ನೂ ಒಂದು ಸಲ ಮೇಲಿಂದ ಕೆಳಗೆ ನೋಡಿದರು.

"ಇದರಲ್ಲಿ ಗಂಡಸರು ಇಬ್ಬರಿದ್ದಾರೆ. ನನ್ನ ಅಳಿಯ ಯಾರು, ಪಕ್ಕ ನಿಂತೋನಾ, ಇಣುಕೋನಾ?"

ಯಜಮಾನರು ಕತ್ತರಿಯಿಂದ ದೂರಣ್ಣನನ್ನು ತೋರಿಸಿದರು. ಅವನು ಎಂದಿನ ಹಾಗೆ ಹಿಂದೆ ಸರಿದ, ಗೋಡೆಗೆ ತಲೆ ಬಡಿಯಿತು. ಅಷ್ಟರಲ್ಲಿ ಬೀದಿಯಾಚೆಯಿಂದ ಸೀಟಿ ಕೇಳಿತು. ಮುದುಕರು ತಿರುಗಿ ನೋಡಿದರು. ಆಮೇಲೆ ಇಪ್ಪತ್ತು ವರ್ಷ ರೈಲಿಗೆ ಬಾವುಟ ತೋರಿಸಿದ ಮನುಷ್ಯ ಎಡ ಬಲ ನೋಡದೆ ಬೀದಿ ದಾಟಿದರು. ಹತ್ತು ಎಣಿಸುವುದರೊಳಗೆ.

ಆ ಫೋಟೋದ ಇನ್ನೊಂದು ಪ್ರತಿ ನನ್ನ ಹತ್ತಿರ ಇದೆ. ನಾನೂ ಯಜಮಾನರೂ ಒಟ್ಟಿಗಿರುವ ಫೋಟೋ ಅದೊಂದೇ. ಎದುರಿಗೇ ಸ್ಟುಡಿಯೋ ಇದ್ದರೂ ನಾವು ತೆಗೆಸಿಕೊಳ್ಳಲೇ ಇಲ್ಲ. ನಾಳೆ, ನಾಳೆ ಎನ್ನುತ್ತಿದ್ದೆವು. ಅವರು ಹೋದ ಮೇಲೆ ಅದನ್ನು ಕಟ್ಟು ಹಾಕಿಸಿ ಇಟ್ಟುಕೊಂಡೆ. ನೋಡಿದವರು ಮುಂದಿನ ಇಬ್ಬರು ಯಾರು ಎಂದು ಕೇಳುತ್ತಾರೆ.

ದೂರಣ್ಣನ ಮಾವ ಒಂದು ವರ್ಷ ಅವನಿಗೆ ಬೇರೆ ಲೆನ್ಸು ತಂದು ಕೊಟ್ಟರು. ಹತ್ತಿರದಿಂದ ತೆಗೆಯುವಂಥದು, ತೂತು ಹಿಗ್ಗುವಂಥದು, ಕುಗ್ಗುವಂಥದು. ಒಂದು ದಿನ ಅದರಲ್ಲಿ ಕೆಲಸ ಮಾಡಿದ. ಸಂಜೆ ಬಂದು, ಆಗಲ್ಲ ಅಕ್ಕಾ ಎಂದ. ಗಿರಾಕಿ ಎರಡು ಗಜದಲ್ಲಿ ಕೂರುತ್ತಾನಂತೆ, ಅವನ ತಲೆ ಎಣ್ಣೆಯ ವಾಸನೆ ಬರುತ್ತದಂತೆ, ಅವನೂ ಇವನನ್ನೇ ನೋಡುತ್ತಾನಂತೆ. ತೂತನ್ನು ಎಷ್ಟು ಇಡಲಿ ಎಂದು ಯೋಚಿಸುವುದರೊಳಗೆ ಬೆವರು ಇಳಿಯಿತಂತೆ. ಮಾರನೆಯ ದಿನ ಡಬ್ಬಿ ಲೆನ್ಸು ಹಿಡಿದು ನಮ್ಮ ಅಂಗಡಿಗೆ ಬಂದ. ನಾನು ಯಂತ್ರ ನಿಲ್ಲಿಸಿದೆ.

ನಲವತ್ತು ವರ್ಷ ಹಾಗೇ ನಡೆಯಿತು. ಈಗ ನಮ್ಮ ಅಂಗಡಿಯನ್ನು ಮಗಳು ನೋಡಿಕೊಳ್ಳುತ್ತಾಳೆ. ದೂರಣ್ಣ ಹೋದ ವರ್ಷ ಹಾಸಿಗೆ ಹಿಡಿದ. ಒಳಗಿನ ಕೋಣೆ ಬೇಡ, ಬೀದಿ ಕಾಣಬೇಕು ಎಂದು ಹಟ ಹಿಡಿದು ಸ್ಟುಡಿಯೋದ ಬಾಗಿಲಿಗೇ ಮಂಚ ಹಾಕಿಸಿಕೊಂಡ. ನೋಡಲು ಬಂದವರಿಗೆ ಡ್ರಿಲ್ ಮೇಡಂ ಐದು ನಿಮಿಷ ಕೊಡುತ್ತಿದ್ದಳು, ಆಮೇಲೆ ಸೀಟಿ. ನನಗೆ ಮಾತ್ರ ಹತ್ತು ನಿಮಿಷ.

ಒಂದು ಬೆಳಿಗ್ಗೆ ಗಂಜಿ ತೆಗೆದುಕೊಂಡು ಹೋಗಿ ಮಂಚದ ಅಂಚಿನಲ್ಲಿ ಕೂತೆ. ಮೆಟ್ಟಿಲ ಮೇಲೆ ಬಿಸಿಲು ಬಿದ್ದಿತ್ತು. ಅವನು ಕಣ್ಣು ಕಿರಿದು ಮಾಡಿ ನನ್ನನ್ನು ನೋಡಿದ, ಹಿಗ್ಗಿಸಿ ನೋಡಿದ, ಸರಿಯಾಗಲಿಲ್ಲ.

"ಅಕ್ಕಾ, ಸ್ವಲ್ಪ ಹಿಂದೆ ಹೋಗಿ," ಎಂದ. "ಇಷ್ಟು ಹತ್ತಿರ ಕೂತರೆ ನೀವು ಯಾರೋ ಅನ್ನಿಸ್ತೀರಿ."

ಬಾಗಿಲವರೆಗೆ ಹೋದೆ. ಇನ್ನೂ ಎಂದು ಕೈ ಆಡಿಸಿದ. ಮೆಟ್ಟಿಲಿಳಿದೆ. ಇನ್ನೂ ಎಂದ. ಹಿಮ್ಮುಖವಾಗಿ ಬೀದಿಗೆ ಇಳಿದೆ. ಬರುತ್ತಿದ್ದ ಸ್ಕೂಟರನ್ನು ಡ್ರಿಲ್ ಮೇಡಂ ಸೀಟಿ ಊದಿ ನಿಲ್ಲಿಸಿದಳು. ನನ್ನ ಹಿಮ್ಮಡಿಗೆ ನಮ್ಮ ಅಂಗಡಿಯ ಮೆಟ್ಟಿಲು ತಾಗಿತು, ಹತ್ತಿ ನಿಂತೆ. ಅವನ ಕೈ ನಿಂತಿತು. ನಾನೂ ಅಲ್ಲಾಡದೆ ನಿಂತೆ. ಒಳಗೆ ಮಗಳು ಯಂತ್ರ ನಿಲ್ಲಿಸಿದಳು.

ಆಮೇಲೆ ಅವನು ಹೊದಿಕೆಯ ಬಿಳಿ ತುದಿ ಎತ್ತಿ ಎರಡು ಸಲ ಬೀಸಿದ.